ಹಳೆಯ ಮೋಟಾರು ಯಂತ್ರದ ಪಾಠಭೇದ

ನಂಜನಗೂಡಿನಿಂದ ಚಾಮರಾಜನಗರದ ಕಡೆಗೆ ಹೋಗುವಾಗ ಸಿಕ್ಕುವ ಬದನವಾಳು ಗ್ರಾಮವು ಖಾದಿಯ ನೂಲುವ ಕೇಂದ್ರದಿಂದ ಹೆಸರಾದದ್ದು. ಆ ಊರಿನಲ್ಲಿ ನನಗೆ ಬಹುಕಾಲದಿಂದ ಪರಿಚಿತರಾದ ಗೃಹಸ್ಥರೊಬ್ಬರ ಮನೆಯುಂಟು. ಮನೆಯ ಹಿತ್ತಲಿನಲ್ಲಿ, ದನದ ಕೊಟ್ಟಿಗೆಗೆ ಹೊಂದಿಕೊಂಡ ಮಾಡಿನ ಕೆಳಗೆ, ಒಂದು ಅಂಬಾಸಡರ್ ಕಾರು ನಾಲ್ವತ್ತು ವರ್ಷಗಳಿಂದ ನಿಂತಿದೆ. ಅದನ್ನು 1958ರಲ್ಲಿ ಹೊಸದಾಗಿ ಕೊಂಡವರು ಈಗಿನ ಯಜಮಾನರ ತಂದೆಯವರು. ನಂಜುಂಡೇಶ್ವರನ ದೊಡ್ಡ ಜಾತ್ರೆಗೆ, ನೆಂಟರ ಮದುವೆಗಳಿಗೆ, ಹೆರಿಗೆಯ ನೋವು ತಿನ್ನುತ್ತಿದ್ದ ಹೆಂಗಸರನ್ನು ರಾತ್ರಿಯ ಹೊತ್ತು ಮೈಸೂರಿನ ಆಸ್ಪತ್ರೆಗೆ ಮುಟ್ಟಿಸುವುದಕ್ಕೆ, ಊರಿಗೆಲ್ಲ ಅದೇ ಬಂಡಿಯಾಗಿತ್ತು. 1982ರಲ್ಲಿ ಅವರು ತೀರಿಕೊಂಡರು. ಮರುವರ್ಷ ಹಿರಿಯ ಮಗನು ಕಾರನ್ನು, ತಂದೆಯವರು ಯಾವಾಗಲೂ ಕೊಡುತ್ತಿದ್ದ ಯಂತ್ರದ ಮೇಸ್ತ್ರಿಯೊಬ್ಬರ ಬಳಿಗೇ ರಿಪೇರಿಗೆ ಕಳುಹಿಸಿದನು. ಅದು ಮೂರು ತಿಂಗಳು ಅಲ್ಲಿದ್ದು ಹಿಂದಿರುಗಿತು. 1984ರಲ್ಲಿ ಕಾರನ್ನು ಮಾರಲು ಹೊರಟಾಗ, ನೋಂದಣಿ ಪುಸ್ತಕದ ಮೊದಲನೆಯ ಪುಟದಲ್ಲಿ ಬರೆದಿದ್ದ ಎಂಜಿನ್ನಿನ ಸಂಖ್ಯೆಗೂ ಎಂಜಿನ್ನಿನ ಮೇಲೆ ಕೊರೆದಿದ್ದ ಸಂಖ್ಯೆಗೂ ಹೊಂದಿಕೆಯಿಲ್ಲವೆಂದು ಕೊಳ್ಳಲು ಬಂದವನು ತೋರಿಸಿದನು. ಮಾರಾಟ ಮುರಿಯಿತು. ಮೇಸ್ತ್ರಿಯು ಮೂಲದ ಒಳ್ಳೆಯ ಯಂತ್ರವನ್ನು ತೆಗೆದಿಟ್ಟುಕೊಂಡು ಬೇರೊಂದನ್ನು ಕೂಡಿಸಿ ಕಳುಹಿಸಿದನೆಂದು ಮನೆಯವರು ನಂಬಿದರು. ಆ ಮಾತನ್ನು ಮುಖದ ಮೇಲೆಯೇ ಆಡಿಯೂ ಬಿಟ್ಟರು. ಅಂದಿನಿಂದ ಎರಡು ಮನೆಗಳಿಗೂ ಮಾತುಕತೆಯಿಲ್ಲ. ಮೇಸ್ತ್ರಿಯೂ ಕಾಲವಾಗಿ ಬಹಳ ವರ್ಷಗಳಾದುವು.

ಈಚೆಗೆ ಹಳೆಯ ಕಾರುಗಳನ್ನು ಸಂಗ್ರಹಿಸುವ ಮಹಾಶಯರೊಬ್ಬರು ಬಂದು, ಯಂತ್ರವು ಹುಟ್ಟಿನದೇ ಆಗಿದ್ದರೆ ಒಂದು ಬೆಲೆ, ಅಲ್ಲದಿದ್ದರೆ ಕಬ್ಬಿಣದ ತೂಕದ ಬೆಲೆ ಎಂದು ಹೇಳಿಹೋದರಂತೆ. ಆದಕಾರಣ ಮನೆಯವರು ನನ್ನನ್ನು ಕರೆಸಿದರು. ಕಾರನ್ನು ನಡೆಸುವುದೂ ಬಾರದ ನನ್ನನ್ನು ಏಕೆ ಎಂದು ವಾಚಕರು ಕೇಳಬಹುದು. ಹಳೆಯ ಓಲೆಗರಿಗಳನ್ನು ಓದಬಲ್ಲವನಿಗೆ ಹಳೆಯ ಕಬ್ಬಿಣವನ್ನೂ ಓದಲು ಬಂದೀತೆಂದು ಯಜಮಾನರ ತಂಗಿಯವರ ಎಣಿಕೆ. ಅದು ಅಷ್ಟೇನೂ ತಪ್ಪಾದ ಎಣಿಕೆಯಲ್ಲ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ದೊರೆತ ಒಂದು ಪ್ರತಿಯಿಂದ ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚು ಹಾಕಿಸಿದರು. ಮುಂದೆ ಬೇರೆ ಪ್ರತಿಗಳು ಸಿಕ್ಕಿದ ಮೇಲೆ ವಿದ್ವಾಂಸರು ಅವುಗಳನ್ನು ಒಂದರೊಡನೊಂದು ಹೋಲಿಸಿ, ಯಾವ ಪಾಠ ಯಾವ ಪರಂಪರೆಯದು ಎಂದು ನಿರ್ಣಯಿಸಬೇಕಾಯಿತು. ಒಂದೇ ಹೆಸರಿನಿಂದ ವರ್ಷಾನುವರ್ಷ ಹೊರಟ ಯಂತ್ರಗಳನ್ನು ಬೇರ್ಪಡಿಸುವುದೂ ಅದೇ ಜಾತಿಯ ಕೆಲಸ.

ತರ್ಕಶಾಸ್ತ್ರದಲ್ಲಿ ಒಂದು ವಸ್ತುವಿಗೆ ಹೇಳುವ ಲಕ್ಷಣಕ್ಕೆ ಎರಡು ಮುಖ್ಯ ದೋಷಗಳನ್ನು ಎಣಿಸುತ್ತಾರೆ. ಹೇಳಿದ ಗುರುತು ಬೇರೆಯ ವಸ್ತುವಿನಲ್ಲಿಯೂ ಕಂಡುಬಂದರೆ ಅದು ಅತಿವ್ಯಾಪ್ತಿ. ಕೊಂಬುಳ್ಳದ್ದು ಹಸು ಎಂದರೆ ಎಮ್ಮೆಯೂ ಹಸುವಾಗುತ್ತದೆ. ಆ ವಸ್ತುವಿನ ಕೆಲವು ವ್ಯಕ್ತಿಗಳಲ್ಲಿ ಮಾತ್ರ ಕಂಡು ಉಳಿದವುಗಳಲ್ಲಿ ಕಾಣದಿದ್ದರೆ ಅವ್ಯಾಪ್ತಿ. ಕಪಿಲೆಯೇ ಹಸು ಎಂದಂತೆ. ಈ ಎರಡು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭ.

ಹಿಂದುಸ್ತಾನ್ ಮೋಟಾರ್ಸ್ ಕಂಪನಿಯು 1942ರಲ್ಲಿ ಸ್ಥಾಪಿತವಾಗಿ, ಗುಜರಾತಿನ ಓಖಾ ಬಂದರಿನಲ್ಲಿ ಕೆಲಸವನ್ನಾರಂಭಿಸಿ, 1948ರಲ್ಲಿ ಬಂಗಾಳದ ಉತ್ತರಪಾಡಾಕ್ಕೆ ಹೋಯಿತು. ಇಂಗ್ಲೆಂಡಿನ ಮಾರಿಸ್ ಕಾರುಗಳ ಮಾದರಿಗಳೇ ಅದರ ಬಂಡಿಗಳಿಗೆ ಮೂಲ. 1954ರ ಲ್ಯಾಂಡ್‌ಮಾಸ್ಟರ್ ಎಂಬುದು ಮಾರಿಸ್ ಆಕ್ಸ್‌ಫರ್ಡಿನ ಎರಡನೆಯ ಆವೃತ್ತಿ. ಅದರ ಮುಂದಿನದು ಅಂಬಾಸಡರ್, ಆಕ್ಸ್‌ಫರ್ಡಿನ ಮೂರನೆಯದು. ಇಲ್ಲೊಂದು ವಿಚಿತ್ರವುಂಟು. ಇಂಗ್ಲೆಂಡಿನ ಎರಡನೆಯ ಆವೃತ್ತಿಗೆ 1954ರಲ್ಲಿಯೇ ಬಿ-ಸೀರೀಸ್ ಎಂಬ ಹೊಸ ಯಂತ್ರ ಬಂದಿದ್ದರೂ, ನಮ್ಮ ದೇಶದಲ್ಲಿ ಹೊಸ ಮೈಯೊಳಗೆ ಹಳೆಯ ಯಂತ್ರವೇ ಮುಂದುವರಿಯಿತು. ಮೊದಮೊದಲ ಅಂಬಾಸಡರುಗಳಲ್ಲಿಯೂ ಇದ್ದದ್ದು 1476 ಸಿ.ಸಿ.ಯ ಆ ಹಳೆಯ ‘ಸೈಡ್ ವಾಲ್ವ್’ ಯಂತ್ರವೇ. 1959ರಲ್ಲಿ 1489 ಸಿ.ಸಿ.ಯ ‘ಓವರ್‌ಹೆಡ್ ವಾಲ್ವ್’ ಯಂತ್ರ ಅದರ ಸ್ಥಾನಕ್ಕೆ ಬಂದಿತು.

ಇವೆರಡರ ವ್ಯತ್ಯಾಸವನ್ನು ಯಂತ್ರವಿದ್ಯೆಯ ಪರಿಚಯವಿಲ್ಲದವರಿಗೂ ಹೇಳಬಹುದು. ಯಂತ್ರದೊಳಗೆ ನಾಲ್ಕು ಸಿಲಿಂಡರುಗಳು, ಅಂದರೆ ನಾಲ್ಕು ದುಂಡನೆಯ ಕೋಣೆಗಳುಂಟು. ಪ್ರತಿಯೊಂದರಲ್ಲಿಯೂ ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಪೆಟ್ರೋಲಿನ ಹಬೆ ಬೆರೆತ ಗಾಳಿ ಒಳಕ್ಕೆ ಬರಲು ಒಂದು ಕವಾಟ, ಉರಿದ ಹೊಗೆ ಹೊರಕ್ಕೆ ಹೋಗಲು ಇನ್ನೊಂದು ಕವಾಟ. ಹಳೆಯ ಯಂತ್ರದಲ್ಲಿ ಈ ಕವಾಟಗಳು ಕೋಣೆಯ ಪಕ್ಕದಲ್ಲಿ, ಬಾಯಿ ಮೇಲಕ್ಕೆ ಮಾಡಿಕೊಂಡು ನಿಂತಿರುತ್ತವೆ. ಗಾಳಿ ಪಕ್ಕದ ಗೂಡಿನಿಂದ ಮೇಲೆದ್ದು, ಮಗ್ಗುಲಾಗಿ ತಿರುಗಿ, ಬಳಿಕ ಕೋಣೆಗಿಳಿಯಬೇಕು. ಹೊಸದರಲ್ಲಿ ಕವಾಟಗಳು ಕೋಣೆಯ ಮಾಡಿನಲ್ಲಿಯೇ ತಲೆಕೆಳಗಾಗಿ ನೇತಾಡುತ್ತವೆ. ಕೆಳಗಿನಿಂದ ಬಂದ ಕಡ್ಡಿಗಳು ‘ರಾಕರ್’ ಎಂಬ ಸಣ್ಣ ಏತಗಳನ್ನು ನೂಕಿ ಅವುಗಳನ್ನು ತೆರೆಯುತ್ತವೆ. ಗಾಳಿಗೆ ಸುತ್ತುದಾರಿ ತಪ್ಪುತ್ತದೆ, ಬೆಂಕಿ ಹತ್ತುವ ಜಾಗ ಇಕ್ಕಟ್ಟಾಗಿ ಒತ್ತಡ ಹೆಚ್ಚುತ್ತದೆ. ಗಾತ್ರದಲ್ಲಿ 13 ಸಿ.ಸಿ.ಗಳಷ್ಟೇ ಅಂತರವಿದ್ದರೂ ಹಳೆಯದರ ಶಕ್ತಿ ಸುಮಾರು 40 ಕುದುರೆಗಳಾದರೆ ಹೊಸದರದು 55.

ಆದುದರಿಂದ ಹೊರಗಿನಿಂದಲೇ ಗುರುತು ಹಿಡಿಯುವುದು ಮಕ್ಕಳ ಆಟ. ಹಳೆಯದರ ತಲೆ ಚಪ್ಪಟೆಯಾದ ಹಲಗೆಯಂತಿದ್ದು, ಕಿಡಿ ಹಾರಿಸುವ ಪ್ಲಗ್ಗುಗಳು ಅದರ ನೆತ್ತಿಯ ಮೇಲೆ ಸಾಲಾಗಿ ನಿಂತಿರುತ್ತವೆ. ಹೊಸದರ ನೆತ್ತಿಯ ಮೇಲೆ ರಾಕರುಗಳನ್ನು ಮುಚ್ಚುವ ತಗಡಿನ ಉದ್ದನೆಯ ಮುಚ್ಚಳವೂ, ಅದರಲ್ಲಿ ಎಣ್ಣೆ ಹುಯ್ಯುವ ಬಾಯಿಯೂ ಇದ್ದು, ಪ್ಲಗ್ಗುಗಳು ಬಲಮಗ್ಗುಲಿಗೆ ಸರಿದಿರುತ್ತವೆ. ನಾವು ಮಾಡಿನ ಕೆಳಗೆ ಹೋಗಿ, ಕೋಳಿಗಳನ್ನು ಎಬ್ಬಿಸಿ, ಬಾನೆಟ್ಟನ್ನು ಎತ್ತಿ ನೋಡಿದೆವು. ತಗಡಿನ ಮುಚ್ಚಳವಿತ್ತು. ನೋಂದಣಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿದ್ದುದು 1476 ಸಿ.ಸಿ. ಹುಟ್ಟಿನ ಯಂತ್ರವಲ್ಲವೆಂಬುದು ಅಷ್ಟಕ್ಕೇ ಇತ್ಯರ್ಥವಾಯಿತು.

ಆದರೆ ಬದಲಾಯಿಸಿದವರು ಯಾರು, ಯಾವಾಗ ಎಂಬುದು ಅಷ್ಟಕ್ಕೆ ತಿಳಿಯಲಿಲ್ಲವಷ್ಟೆ. ತಂಗಿಯವರು ತಂದೆಯವರ ಲೆಕ್ಕದ ಪುಸ್ತಕಗಳನ್ನು ಜೋಪಾನವಾಗಿ ಇಟ್ಟಿದ್ದರು. ಹಾಲು, ಕೂಲಿ, ಕಂದಾಯಗಳ ನಡುನಡುವೆ ಕಾರಿನ ಖರ್ಚೂ ಅದರಲ್ಲುಂಟು. 1971ರ ಒಂದು ಪುಟದಲ್ಲಿ ‘ಬೋರು 73.5, ಹೊಸ ಪಿಸ್ಟನ್ 4’ ಎಂದು ಬರೆದಿದ್ದರು. ಬೋರು ಎಂದರೆ ಸಿಲಿಂಡರಿನ ಒಳವ್ಯಾಸ. ಹಳೆಯ 1476ರ ಯಂತ್ರದ ಒಳವ್ಯಾಸ ಸರಿಯಾಗಿ 73.5 ಮಿಲಿಮೀಟರು, ಪಿಸ್ಟನ್ನಿನ ಓಡಾಟ 87 ಮಿಲಿಮೀಟರು. ಇದನ್ನು ಯಜಮಾನರು ಎಲ್ಲಿಯೋ ಓದಿ ತಿಳಿದಿದ್ದರು. “ನೋಡಿದಿರಾ! 1971ರಲ್ಲಿ ಹುಟ್ಟಿನ ಯಂತ್ರವೇ ಇತ್ತು. ಹಾಗಾದರೆ ಬದಲಾದದ್ದು ಅನಂತರ. ಆಮೇಲೆ ಕಾರು ನಮ್ಮ ಕೈ ಬಿಟ್ಟದ್ದು ಆ ಮೂರು ತಿಂಗಳು ಮಾತ್ರ” ಎಂದರು. ನಾಲ್ವತ್ತು ವರ್ಷಗಳ ಸಂಶಯಕ್ಕೆ ತಂದೆಯವರ ಕೈಬರಹವೇ ಸಾಕ್ಷಿಯಾಯಿತೆಂದು ಅವರಿಗೆ ಸಮಾಧಾನವಾದಂತೆ ಕಂಡಿತು. ತಂಗಿಯವರು ಮಾತನಾಡಲಿಲ್ಲ.

ನನಗೂ ಅದು ಒಂದು ದಿನದ ಮಟ್ಟಿಗೆ ಸರಿಯೆಂದೇ ತೋರಿತು. ಆ ರಾತ್ರಿ ಸುಮ್ಮನೆ ಕೂತು ಅಂಕಿಗಳನ್ನು ಬರೆದು ನೋಡುತ್ತಿದ್ದಾಗ, ಹೊಸ ಯಂತ್ರದ ಅಳತೆಯು ಮಿಲಿಮೀಟರಿನದಲ್ಲ, ಅಂಗುಲದ್ದೆಂಬುದು ಹೊಳೆಯಿತು. ಅದರ ಒಳವ್ಯಾಸ 73.025 ಮಿಲಿಮೀಟರು, ಎಂದರೆ ನಿಷ್ಕರ್ಷೆಯಾಗಿ 2.875 ಅಂಗುಲ; ಓಡಾಟ 88.9 ಮಿಲಿಮೀಟರು, ಎಂದರೆ ಮೂರೂವರೆ ಅಂಗುಲ. ಯಂತ್ರ ಹಲವು ವರ್ಷ ನಡೆದ ಮೇಲೆ ಸಿಲಿಂಡರಿನ ಗೋಡೆ ಸವೆದು ಮೊಟ್ಟೆಯಾಕಾರವಾಗುತ್ತದೆ. ಆಗ ಅದನ್ನು ಕೊರೆದು ಮತ್ತೆ ದುಂಡಗೆ ಮಾಡಿ, ತುಸು ದೊಡ್ಡ ಪಿಸ್ಟನ್ನುಗಳನ್ನು ಕೂಡಿಸುವುದು ವಾಡಿಕೆ. ಈ ದೊಡ್ಡ ಪಿಸ್ಟನ್ನುಗಳು ಅಂಗುಲದ ಸಾವಿರದ 10, 20, 30, 40 ಭಾಗಗಳ ಹೆಚ್ಚಳದಲ್ಲಿ ದೊರೆಯುತ್ತವೆ. ಸಾವಿರದ 20 ಭಾಗವೆಂದರೆ 0.508 ಮಿಲಿಮೀಟರು. ಅದನ್ನು 73.025ಕ್ಕೆ ಕೂಡಿಸಿದರೆ 73.533. ಲೆಕ್ಕದ ಪುಸ್ತಕದಲ್ಲಿ ಬರೆಯುವ ಗೃಹಸ್ಥನು ಅದನ್ನು 73.5 ಎನ್ನದೆ ಮತ್ತೇನೆಂದಾನು?

ಒಮ್ಮೆ ಕೊರೆದ ಹೊಸ ಯಂತ್ರವೂ ಎಂದೂ ಕೊರೆಯದ ಹಳೆಯ ಯಂತ್ರವೂ ಒಳವ್ಯಾಸದಲ್ಲಿ ಅವಳಿಗಳಾಗಿಬಿಡುತ್ತವೆ. ಅತಿವ್ಯಾಪ್ತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಎಂದೂ ಕೊಟ್ಟಿರಲಿಲ್ಲ. ಅಷ್ಟೇ ಅಲ್ಲ, ‘ಹೊಸ ಪಿಸ್ಟನ್ 4’ ಎಂಬ ಮಾತೇ ಕೊರೆಸಿದ್ದಕ್ಕೆ ಸೂಚನೆ. ಅದು ಹಳೆಯ ಯಂತ್ರವೇ ಆಗಿದ್ದು, ಹದಿಮೂರು ವರ್ಷ ನಡೆದು ಕೊರೆಸಿಕೊಂಡಿದ್ದರೆ ಅಳತೆ 73.5ನ್ನು ಮೀರಿ 74ರ ಹತ್ತಿರ ಹೋಗಬೇಕಾಗಿತ್ತು. ಆದರೆ ಇದಿಷ್ಟೂ ಊಹೆ. ಕೊರೆಸದೆ ಪಿಸ್ಟನ್ನು ಮಾತ್ರ ಬದಲಾಯಿಸಿದ್ದರೂ ಬದಲಾಯಿಸಿರಬಹುದು. ಊಹೆಯ ಮೇಲೆ ಒಬ್ಬನನ್ನು ಕಳ್ಳನೆನ್ನುವುದು ಹೇಗೆ ತಪ್ಪೋ ಊಹೆಯ ಮೇಲೆ ನಿರ್ದೋಷಿಯೆನ್ನುವುದೂ ಇತ್ಯರ್ಥವಾಗದು.

ಕಥೆಯನ್ನು ಇಲ್ಲಿ ತುಸು ನಿಲ್ಲಿಸಿ, ಮನೆಯಲ್ಲಿ ಹಳೆಯ ಬಂಡಿಯಿರುವ ವಾಚಕರಿಗಾಗಿ ಇನ್ನು ಕೆಲವು ಮಾತುಗಳನ್ನು ಹೇಳುತ್ತೇನೆ. ಮುಂಭಾಗದ ಜಾಲರಿಯನ್ನು ನೋಡಿ ಯಂತ್ರವನ್ನು ನಿರ್ಣಯಿಸಕೂಡದು. ಅಂಬಾಸಡರಿನ ಜಾಲರಿಯೂ ಮುಖವೂ 1960ರ ದಶಕದ ಮಾರ್ಕ್ 2, 1975ರ ಮಾರ್ಕ್ 3, 1979ರ ಮಾರ್ಕ್ 4 ಎಂದು ಬದಲಾಗುತ್ತ ಹೋದರೂ, ಒಳಗೆ ಬಹುಕಾಲ ಅದೇ 1489 ಇತ್ತು. ಒಡೆದ ಜಾಲರಿಗೆ ಸಿಕ್ಕಿದ ಜಾಲರಿಯನ್ನು ಕೂಡಿಸಿದವರೂ ಅಸಂಖ್ಯ. 1489 ಎಂಬ ಅಂಕಿಯಾದರೂ ಸಾಕೇ ಎಂದರೆ ಅದೂ ಸಾಲದು. ಮಾರ್ಕ್ 4ರ ಕಾಲದಲ್ಲಿ ಬಂದ ಡೀಸೆಲ್ ಯಂತ್ರವೂ 1489 ಸಿ.ಸಿ.ಯದೇ! ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇದೆಯೋ, ಎಣ್ಣೆಯನ್ನು ಒತ್ತಿ ಸಿಡಿಸುವ ಪಂಪು ಇದೆಯೋ ಎಂಬುದನ್ನು ಕಣ್ಣಾರೆ ನೋಡದ ಹೊರತು ಅಂಕಿಯಿಂದ ಇವೆರಡನ್ನು ಬೇರ್ಪಡಿಸಲಾಗದು.

ನಮ್ಮ ಮೈಸೂರಿನ ಮೋಟಾರು ಸೈಕಲ್ಲಿನಲ್ಲಿಯೂ ಇದೇ ತೊಡಕುಂಟು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯು 1960ರಲ್ಲಿ ಸ್ಥಾಪಿತವಾಗಿ, ಚೆಕೊಸ್ಲೊವಾಕಿಯದ ಜಾವಾ ಮಾದರಿಯ ಬಂಡಿಗಳನ್ನು ಮಾಡಿ, 1970ರ ದಶಕದಲ್ಲಿ ಯೆಜ್ಡಿ ಎಂದು ಹೆಸರನ್ನು ಬದಲಾಯಿಸಿ, 1996ರವರೆಗೆ ನಡೆಯಿತು. ಮೊದಲ ಜಾವಾ 250ರ ಒಳವ್ಯಾಸ 65 ಮಿಲಿಮೀಟರು, ಓಡಾಟ 75. 1978ರಲ್ಲಿ ಬಂದ ಯೆಜ್ಡಿ ರೋಡ್‌ಕಿಂಗಿನದೂ ಅಷ್ಟೇ. ಶಕ್ತಿ ಮಾತ್ರ ಮೊದಲನೆಯದರದು 12 ಕುದುರೆ, ಎರಡನೆಯದರದು 16. ಗೇರಿನ ಸನ್ನೆಯನ್ನೇ ಹಿಂದಕ್ಕೆ ತಿರುಗಿಸಿ ಒದ್ದು ಬಂಡಿಯನ್ನು ಹೊರಡಿಸುವ ಸೊಗಸಾದ ಏರ್ಪಾಟೂ ಎರಡರಲ್ಲಿಯೂ ಒಂದೇ. ಅಳತೆಗೋಲನ್ನಷ್ಟೇ ನಂಬಿ ಭಾಗಗಳನ್ನು ತರಿಸುವವನು ಇಲ್ಲಿಯೂ ಮೋಸಹೋಗುತ್ತಾನೆ. ಇಪ್ಪತ್ತು ವರ್ಷ ಯೆಜ್ಡಿಯ ಮೇಲೆ ಪಾಠಶಾಲೆಗೆ ಹೋಗಿಬಂದ ನಾನು ಇದನ್ನು ಕೈಯಿಂದ ಹಣ ತೆತ್ತು ಕಲಿತಿದ್ದೇನೆ.

ಇನ್ನು ಸಂಖ್ಯೆಗಳ ವಿಷಯ. ಎಂಜಿನ್ನಿನ ಮೈಮೇಲೆ ಎರಡು ಬಗೆಯ ಬರಹಗಳಿರುತ್ತವೆ. ಉಬ್ಬಿದ ಅಕ್ಷರಗಳು ಎರಕದ ಅಚ್ಚಿನವು. ಅದೇ ಅಚ್ಚಿನಿಂದ ಸಾವಿರಾರು ಹುಟ್ಟಿರಬಹುದು, ಅವು ಕುಲವನ್ನು ಮಾತ್ರ ಹೇಳುತ್ತವೆ. ತಗ್ಗಾಗಿ ಕೊರೆದದ್ದು ಆ ಒಂದು ಯಂತ್ರದ ಸಂಖ್ಯೆ. ಕಾರ್ಖಾನೆಗಳವರು ಯಾವುದಾದರೊಂದು ಮಾರ್ಪಾಟನ್ನು ಮಾಡಿದಾಗ ಅದನ್ನು ವರ್ಷಕ್ಕೆ ಕಟ್ಟದೆ, ಇಂಥ ಸಂಖ್ಯೆಯಿಂದ ಮುಂದೆ ಎಂದು ಭಾಗಗಳ ಪಟ್ಟಿಯಲ್ಲಿ ಬರೆಯುವುದು ಇದೇ ಕಾರಣದಿಂದ. ಕಾರಿನ ನೋಂದಣಿಯಾದ ವರ್ಷ ಒಂದು, ಅದು ತಯಾರಾದ ವರ್ಷ ಇನ್ನೊಂದು ಆಗಿರಬಹುದು. ಉಗ್ರಾಣದಲ್ಲಿ ಉಳಿದ ಹಳೆಯ ಭಾಗಗಳು ಮುಗಿಯುವವರೆಗೆ ಕೂಡಿಸಿದ್ದೂ ಉಂಟು. ಕೆಲವು ಕಡೆ ಸಂಖ್ಯೆಯ ಮುಂದಿನ ಅಕ್ಷರವೇ ಮಾರ್ಪಾಟನ್ನು ಸಾರುತ್ತದೆ. ನಮ್ಮ ಅಂಬಾಸಡರಿನ ಯಂತ್ರದ ದಾಯಾದಿಯೇ ಆದ ಬಿ-ಸೀರೀಸಿನ ದೊಡ್ಡ ಯಂತ್ರವೊಂದು ಇಂಗ್ಲೆಂಡಿನ ಎಂ.ಜಿ.ಬಿ. ಎಂಬ ಕಾರಿನಲ್ಲಿತ್ತು. 1964ರ ಅಕ್ಟೋಬರಿನಲ್ಲಿ ಅದರ ದಂಡವನ್ನು ಹೊರುವ ಮುಖ್ಯ ಬೇರಿಂಗುಗಳು ಮೂರರಿಂದ ಐದಕ್ಕೆ ಏರಿದುವು. ಹೊರಗೆ ನೋಡುವವನಿಗೆ ಹೆಚ್ಚೇನೂ ತಿಳಿಯದು. ಆದರೆ ಸಂಖ್ಯೆಯ ಮುಂದೆ ‘18 ಜಿಎ’ ಇದ್ದದ್ದು ‘18 ಜಿಬಿ’ ಆಯಿತು. ಒಂದಕ್ಷರವನ್ನು ತಪ್ಪಿ ಓದಿದರೆ ದಂಡವೇ ಬೇರೆ.

ಆದಕಾರಣ ಸಂಖ್ಯೆಯಿರುವ ಜಾಗವನ್ನು ತಂತಿಯ ಕುಂಚದಿಂದಾಗಲಿ ಅರದಿಂದಾಗಲಿ ಉಜ್ಜಬಾರದು. ಉಜ್ಜಿದ್ದನ್ನು ಕಂಡರೆ ಅಧಿಕಾರಿಗಳು ಸಂಶಯಪಡುವುದೂ ನ್ಯಾಯವೇ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಒಂದು ರಾತ್ರಿ ಹೊದಿಸಿಟ್ಟು, ಬೆಳಗ್ಗೆ ಒರೆಸಿ, ತೆಳುವಾದ ಕಾಗದವನ್ನು ಮೇಲಿಟ್ಟು ಸೀಸದ ಕಡ್ಡಿಯನ್ನು ಓರೆಯಾಗಿ ಆಡಿಸಿದರೆ ಅಕ್ಷರಗಳು ತಾವಾಗಿ ಮೂಡುತ್ತವೆ. ನಂಜನಗೂಡು ಸೀಮೆಯ ಶಿಲಾಶಾಸನಗಳಿಗೆ ರೈಸ್ ಸಾಹೇಬರ ಕಾಲದಿಂದ ಪಡಿಯಚ್ಚು ತೆಗೆದದ್ದೂ ಹೆಚ್ಚುಕಡಮೆ ಇಂಥ ಉಪಾಯದಿಂದಲೇ.

ಬದನವಾಳಿಗೆ ಹಿಂದಿರುಗೋಣ. ಮರುದಿನ ನಾನು ತಂಗಿಯವರನ್ನು ಕೇಳಿದ್ದು ಒಂದೇ: 1971ಕ್ಕೆ ಹಿಂದಿನ ಲೆಕ್ಕದ ಪುಸ್ತಕಗಳಿವೆಯೇ? ಇದ್ದುವು. ನಾವಿಬ್ಬರೂ ಜಗಲಿಯ ಮೇಲೆ ಕೂತು, 1958ರಿಂದ ಒಂದೊಂದು ಸಾಲನ್ನೂ ಓದಿದೆವು. ಮಧ್ಯಾಹ್ನ ಊಟದ ಹೊತ್ತಿಗೆ ಅವರು ಓದುವುದನ್ನು ನಿಲ್ಲಿಸಿ, ಬೆರಳನ್ನು ಒಂದು ಸಾಲಿನ ಮೇಲಿಟ್ಟು ನನ್ನ ಕಡೆಗೆ ಪುಸ್ತಕವನ್ನು ತಿರುಗಿಸಿದರು. 1967ನೆಯ ಇಸವಿ: ‘ರಾಕರ್ ಕವರ್ ಪ್ಯಾಕಿಂಗ್ 1’.

ಹಳೆಯ ಸೈಡ್ ವಾಲ್ವ್ ಯಂತ್ರದಲ್ಲಿ ರಾಕರುಗಳೇ ಇಲ್ಲ. ರಾಕರುಗಳಿಲ್ಲದ ಕಡೆ ಅವುಗಳ ಮುಚ್ಚಳವಿಲ್ಲ. ಮುಚ್ಚಳವಿಲ್ಲದ ಕಡೆ ಅದರ ಪ್ಯಾಕಿಂಗಿಗೆ ಯಾರೂ ಹಣ ಕೊಡುವುದಿಲ್ಲ. ಈ ಗುರುತಿಗೆ ಅತಿವ್ಯಾಪ್ತಿಯಿಲ್ಲ. ಯಂತ್ರವು 1967ಕ್ಕೆ ಮೊದಲೇ, ತಂದೆಯವರ ಕಾಲದಲ್ಲಿಯೇ, ಅವರಿಗೆ ತಿಳಿದೇ ಬದಲಾಗಿತ್ತು.

ಹಾಗಿದ್ದರೆ ಅಷ್ಟು ಕಟ್ಟುನಿಟ್ಟಿನ ಮನುಷ್ಯ ಅದನ್ನು ಸರಕಾರಕ್ಕೆ ತಿಳಿಸದೆ ಬಿಟ್ಟಿರಲಾರರೆಂದು ತೋರಿತು. ಎಂಜಿನ್ನನ್ನು ಬದಲಾಯಿಸಿದರೆ ನೋಂದಣಿ ಅಧಿಕಾರಿಗೆ ವರದಿ ಮಾಡಬೇಕೆಂಬುದು ಈಗ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದಲ್ಲಿದೆ. ಆಗ ಇದ್ದದ್ದು 1939ರ ಕಾಯಿದೆ. ನೋಂದಣಿ ಪುಸ್ತಕವನ್ನು ಮತ್ತೆ ತರಿಸಿದೆವು. ಗ್ರೀಸು ಹತ್ತಿ ಅದರ ನಡುವಿನ ಎರಡು ಪುಟಗಳು ಒಂದೇ ಹಾಳೆಯಂತೆ ಅಂಟಿಕೊಂಡಿದ್ದುವು. 1984ರಲ್ಲಿ ಯಾರೂ ಅದನ್ನು ಬಿಡಿಸಿರಲಿಲ್ಲ. ಓಲೆಗರಿ ಬಿಡಿಸಿದ ಅಭ್ಯಾಸದಿಂದ, ತೆಳುವಾದ ಬಿದಿರು ಸೀಳೊಂದನ್ನು ಆಡಿಸಿ ನಾನೇ ಬಿಡಿಸಿದೆನು. ಒಳಗೆ ಮಾಸಿದ ನೇರಿಳೆ ಮಸಿಯ ಮೊಹರು, 1964ನೆಯ ಇಸವಿಯ ಸಹಿ, ಹೊಸ ಎಂಜಿನ್ನಿನ ಸಂಖ್ಯೆ. ಕಾಗದದ ಮೇಲೆ ತೆಗೆದಿದ್ದ ಪಡಿಯಚ್ಚನ್ನು ಪಕ್ಕದಲ್ಲಿಟ್ಟು ಅಕ್ಷರಕ್ಕಕ್ಷರ ಹೋಲಿಸಿದೆವು. ಒಂದೂ ವ್ಯತ್ಯಾಸವಿರಲಿಲ್ಲ. ಯಜಮಾನರು ಕನ್ನಡಕವನ್ನು ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದರು. ಆಮೇಲೆ ಎದ್ದು ಹಿತ್ತಲಿಗೆ ಹೋದರು; ಬಹಳ ಹೊತ್ತು ಬರಲಿಲ್ಲ.

ಸಂಗ್ರಾಹಕ ಮಹಾಶಯರಿಗೆ ವಿಷಯವನ್ನು ಬರೆದು ತಿಳಿಸಿದೆವು. ಅವರ ಆಸಕ್ತಿ ತಗ್ಗಿತು. 2021ರಲ್ಲಿ ಕೇಂದ್ರ ಸರಕಾರ ಮಾಡಿದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷಗಳು ಮೀರಿದ್ದು, ಚಾಸಿಯಲ್ಲಾಗಲಿ ಮೈಯಲ್ಲಾಗಲಿ ಯಂತ್ರದಲ್ಲಾಗಲಿ ಗಣನೀಯವಾದ ಮಾರ್ಪಾಟಿಲ್ಲದೆ ಮೂಲರೂಪದಲ್ಲಿರುವ ವಾಹನಕ್ಕೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯುಂಟು. ಅರುವತ್ತು ವರ್ಷಗಳ ಹಿಂದೆ ಅದೇ ಕಂಪನಿಯ ಮುಂದಿನ ಯಂತ್ರವನ್ನು ಸಕ್ರಮವಾಗಿ ಕೂಡಿಸಿದ್ದನ್ನು ಅಧಿಕಾರಿಗಳು ಹೇಗೆ ಎಣಿಸುತ್ತಾರೋ ಅದು ಅವರಿಗೆ ಬಿಟ್ಟದ್ದು. ನನ್ನ ಮಟ್ಟಿಗೆ, ಟೀಕೆಯಲ್ಲಿ ಪಾಠಭೇದವನ್ನು ಪ್ರಾಮಾಣಿಕವಾಗಿ ನಮೂದಿಸಿದ ಪ್ರತಿ ಸುಳ್ಳು ಪ್ರತಿಯಲ್ಲ. ತಂಗಿಯವರು ಮಾರುವ ಮಾತನ್ನೇ ತೆಗೆದುಹಾಕಿದ್ದಾರೆ.

ಆ ವಾರದ ಕೊನೆಯಲ್ಲಿ ಯಜಮಾನರು ಲೆಕ್ಕದ ಪುಸ್ತಕವನ್ನೂ ನೋಂದಣಿ ಪುಸ್ತಕವನ್ನೂ ವಸ್ತ್ರದಲ್ಲಿ ಸುತ್ತಿಕೊಂಡು ಮೇಸ್ತ್ರಿಯ ಮಗನ ಮನೆಗೆ ಹೋದರು. ಒಬ್ಬರೇ ಹೋಗುತ್ತೇನೆಂದದ್ದರಿಂದ ಅಲ್ಲಿ ಏನು ನಡೆಯಿತೆಂಬುದು ನನಗೆ ತಿಳಿಯದು. ಮುಂದಿನ ಭಾನುವಾರ ಬೆಳಗ್ಗೆ ಆ ಮಗನು ತಂದೆಯ ಸ್ಪ್ಯಾನರುಗಳ ಪೆಟ್ಟಿಗೆಯೊಡನೆ ಹಿತ್ತಲಿಗೆ ಬಂದನು. ಎರಡು ಗಂಟೆಗಳಲ್ಲಿ ಯಂತ್ರದ ತಲೆಯನ್ನು ಎತ್ತಿ ಗೋಣಿಯ ಮೇಲಿಟ್ಟನು. ಪಿಸ್ಟನ್ನಿನ ನೆತ್ತಿಯ ಮೇಲಿನ ಮಸಿಯನ್ನು ಸೀಮೆಎಣ್ಣೆಯಿಂದ ಒರೆಸುವಂತೆ ನಾನು ಹೇಳಿದೆನು. ಒರೆಸಿದನು. 020 ಎಂದು ಮೂಡಿತು.

ಎರಡನೆಯ ಸಿಲಿಂಡರಿನ ಕವಾಟವೊಂದು ತುಕ್ಕು ಹಿಡಿದು ಅಂಟಿಕೊಂಡಿದೆ; ಪಿಸ್ಟನ್ನುಗಳು ಇನ್ನೂ ಕದಲಿಲ್ಲ, ಅವುಗಳ ಸುತ್ತ ಎಣ್ಣೆ ಹುಯ್ದು ಬಿಟ್ಟಿದ್ದಾರೆ. ಮುಂದಿನ ತಿಂಗಳು ನೋಡೋಣವೆಂದು ಮೇಸ್ತ್ರಿಯ ಮಗನು ಹೇಳಿದ್ದಾನೆ. ತಂಗಿಯವರು ಹೊಸ ಪುಸ್ತಕವೊಂದನ್ನು ತಂದು, ಮೊದಲನೆಯ ಪುಟದಲ್ಲಿ ಎಂಜಿನ್ನಿನ ಸಂಖ್ಯೆಯನ್ನೂ, ಅದರ ಕೆಳಗೆ ಆ ದಿನ ತಂದ ಸೀಮೆಎಣ್ಣೆಯ ಬೆಲೆಯನ್ನೂ ಬರೆದಿಟ್ಟಿದ್ದಾರೆ.